ಬೆಲ್ಟ್ ಬದಲಾಗಿದೆ ಅಂದರೆ ಯಾವ ಬೆಲ್ಟ್?

ಪುಣೆಯಲ್ಲಿ ಹಳೆ ಕಾರು ಕೊಳ್ಳಲು ಹೊರಟ ನಮ್ಮ ಕಡೆಯವರು ನನಗೆ ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನವು. ಮೈಲೇಜ್ ಎಷ್ಟು ಕೊಡುತ್ತದೆ? ಎಷ್ಟನೇ ಓನರ್? ಎಂಎಚ್ ನಂಬರಿನ ಗಾಡಿ ಊರಿಗೆ ಒಯ್ದರೆ ಮತ್ತೆ ಟ್ಯಾಕ್ಸ್ ಕಟ್ಟಬೇಕೇ? ಚಾಕಣ್‌ನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಎಂಜಿನಿಯರ್ ಆಗಿರುವುದರಿಂದ ಇಂಥ ಫೋನುಗಳು ನನಗೆ ಹೊಸದಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: 'ಆ ಎಂಜಿನ್‌ನಲ್ಲಿ ಇರುವುದು ಟೈಮಿಂಗ್ ಬೆಲ್ಟೋ, ಟೈಮಿಂಗ್ ಚೈನೋ?' ಆ ಕಡೆ ಸದ್ದೇ ಇರುವುದಿಲ್ಲ.

ಅವರ ತಪ್ಪೇನೂ ಇಲ್ಲ. ಟೈರು ಸವೆದದ್ದು ಕಣ್ಣಿಗೆ ಕಾಣುತ್ತದೆ, ಬ್ರೇಕ್ ಕೆಟ್ಟರೆ ಕಾಲಿಗೆ ಗೊತ್ತಾಗುತ್ತದೆ, ಬ್ಯಾಟರಿ ಸತ್ತರೆ ಬೆಳಿಗ್ಗೆ ಗಾಡಿ ಹೊರಡುವುದೇ ಇಲ್ಲ. ಈ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಮಾತ್ರ ಎಂಜಿನ್‌ನ ಪಕ್ಕದ ಮುಚ್ಚಳದೊಳಗೆ ಅಡಗಿ ಕುಳಿತಿರುತ್ತದೆ. ಬಾನೆಟ್ ಎತ್ತಿದರೂ ಕಾಣುವುದಿಲ್ಲ. ಆದರೆ ಸಣ್ಣ ಕಾರಿನ ಎಂಜಿನ್ ಒಂದೇ ಗಳಿಗೆಯಲ್ಲಿ ಹಾಳಾಗಬಹುದಾದ ಕಾರಣಗಳನ್ನು ಪಟ್ಟಿ ಮಾಡಿದರೆ ಇದರ ಹೆಸರು ಮೇಲಿನ ಸಾಲಿನಲ್ಲೇ ಬರುತ್ತದೆ.

ಮಗ್ಗ ಕಲಿಸಿದ ಪಾಠ

ನಾನು ಬನಹಟ್ಟಿಯವನು. ಮನೆಯಲ್ಲಿ ಪವರ್‌ಲೂಮ್ ಇದ್ದವು. ಹಾಗಾಗಿ ಟೈಮಿಂಗ್ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಎಂಜಿನ್ ಅಲ್ಲ, ಮಗ್ಗ. ಹಾಸಿನ ಎಳೆಗಳು ಮೇಲೊಂದು ಪದರ, ಕೆಳಗೊಂದು ಪದರವಾಗಿ ಬೇರ್ಪಟ್ಟು ದಾರಿ ಬಿಟ್ಟಾಗಲೇ ಲಾಳಿ ಹಾಯಬೇಕು. ದಾರಿ ಮುಚ್ಚುವ ಹೊತ್ತಿಗೆ ಲಾಳಿ ನಡುವೆ ಸಿಕ್ಕಿಬಿದ್ದರೆ ರಾಶಿ ರಾಶಿ ಎಳೆಗಳು ಒಮ್ಮೆಲೇ ಕಡಿದು ಬೀಳುತ್ತವೆ. ಅವನ್ನು ಒಂದೊಂದಾಗಿ ಕೂಡಿಸುತ್ತ ಕುಳಿತರೆ ಅರ್ಧ ದಿನದ ದುಡಿಮೆ ಹೋದಂತೆ. ಇದನ್ನು ತಪ್ಪಿಸಲೆಂದೇ ಮಗ್ಗದಲ್ಲಿ ಮೇಲೊಂದು ಕ್ರ್ಯಾಂಕ್ ಶಾಫ್ಟ್, ಕೆಳಗೊಂದು ಶಾಫ್ಟ್ ಇದ್ದು, ಎರಡಕ್ಕೂ ಹಲ್ಲಿನ ಚಕ್ರಗಳ ನಂಟು ಇರುತ್ತದೆ. ಮೇಲಿನದು ಎರಡು ಸುತ್ತು ತಿರುಗಿದರೆ ಕೆಳಗಿನದು ಒಂದು ಸುತ್ತು.

ಕಾರಿನ ಎಂಜಿನ್‌ನಲ್ಲೂ ಇದೇ ಲೆಕ್ಕ. ಪಿಸ್ಟನ್‌ಗಳು ಕೆಳಗಿನ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತವೆ. ಗಾಳಿ ಒಳಬಿಡುವ ಮತ್ತು ಹೊಗೆ ಹೊರಬಿಡುವ ವಾಲ್ವ್‌ಗಳನ್ನು ಮೇಲಿನ ಕ್ಯಾಮ್ ಶಾಫ್ಟ್ ತೆರೆಯುತ್ತದೆ. ಹೀರು, ಒತ್ತು, ಸಿಡಿ, ಹೊರಹಾಕು ಎಂಬ ನಾಲ್ಕು ಕೆಲಸಗಳು ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು, ಅಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ತಿರುಗಿರಬೇಕು. ಈ ಎರಡೂ ಶಾಫ್ಟ್‌ಗಳನ್ನು ಜೊತೆಗೆ ಹಿಡಿದಿಡುವುದೇ ಟೈಮಿಂಗ್ ಬೆಲ್ಟ್ ಇಲ್ಲವೇ ಚೈನ್.

ಅದರ ದುಡಿಮೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಗಂಟೆಗೆ 75ರ ಸರಾಸರಿ ವೇಗದಲ್ಲಿ, ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತ ಹೋದರೆ, ಬೆಳಗಾವಿ ಮುಟ್ಟುವಷ್ಟರಲ್ಲಿ ಕ್ರ್ಯಾಂಕ್ ಆರೂವರೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ. ಒಂದೊಂದು ವಾಲ್ವ್ ಮೂರು ಲಕ್ಷಕ್ಕೂ ಹೆಚ್ಚು ಸಲ ತೆರೆದು ಮುಚ್ಚಿರುತ್ತದೆ. ಅದರಲ್ಲಿ ಒಂದು ಸಲವೂ ಹೊತ್ತು ತಪ್ಪುವಂತಿಲ್ಲ.

ತಪ್ಪಿದರೆ? ಇವತ್ತಿನ ಹೆಚ್ಚಿನ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದಾಗ ತಲುಪುವ ಜಾಗ ಮತ್ತು ವಾಲ್ವ್ ತೆರೆದಾಗ ಇಳಿಯುವ ಜಾಗ ಒಂದೇ. ಇಬ್ಬರು ಪಾಳಿಯ ಮೇಲೆ ಮಲಗುವ ಒಂದೇ ಹಾಸಿಗೆ ಇದ್ದಂತೆ. ಬೆಲ್ಟ್ ಹರಿದರೆ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ಕೆಲವು ವಾಲ್ವ್‌ಗಳು ತೆರೆದೇ ಉಳಿಯುತ್ತವೆ. ಆದರೆ ಗಾಡಿಯ ಓಟಕ್ಕೆ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುತ್ತದೆ. ಬಂದು ವಾಲ್ವ್‌ಗೆ ಗುದ್ದುತ್ತದೆ, ವಾಲ್ವ್ ಬಾಗುತ್ತದೆ. ಕೆಲವು ಸಲ ಪಿಸ್ಟನ್ನೂ ಒಡೆಯುತ್ತದೆ. ಗುದ್ದದಷ್ಟು ಜಾಗ ಬಿಟ್ಟ ಎಂಜಿನ್‌ಗಳೂ ಇವೆ. ಆದರೆ ನಿಮ್ಮದು ಅಂಥದ್ದೇ ಎಂದು ನಂಬಿ ಕೂರುವುದು ಜಾಣತನವಲ್ಲ.

ಸರಪಳಿ ಹೋಗಿ ಪಟ್ಟಾ ಬಂತು, ಮತ್ತೆ ಸರಪಳಿ

ಮುಂಬೈನ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ, ಸರ್ಕಾರಿ ಬಿಳಿ ಅಂಬಾಸಿಡರ್ ಇವುಗಳಲ್ಲಿ ಇದ್ದದ್ದು ಚೈನ್. ಆ ಕಾಲದ ಎಂಜಿನ್‌ಗಳಲ್ಲಿ ಕ್ಯಾಮ್ ಶಾಫ್ಟ್ ಕೆಳಗೇ, ಕ್ರ್ಯಾಂಕ್‌ನ ಹತ್ತಿರವೇ ಇರುತ್ತಿತ್ತು. ಗಿಡ್ಡ ಸರಪಳಿ ಸಾಕಾಗುತ್ತಿತ್ತು. ಕ್ಯಾಮ್ ಶಾಫ್ಟನ್ನು ಎಂಜಿನ್‌ನ ತಲೆಯ ಮೇಲೆ ಕೂರಿಸುವ ಪದ್ಧತಿ ಸಣ್ಣ ಕಾರುಗಳಿಗೂ ಬಂದಾಗ ಎರಡರ ನಡುವಿನ ದೂರ ಹೆಚ್ಚಿತು. ಉದ್ದನೆಯ ಚೈನ್ ಎಂದರೆ ಖರ್ಚು, ತೂಕ, ಸದ್ದು.

ಹಲ್ಲಿರುವ ರಬ್ಬರ್ ಬೆಲ್ಟ್ 1940ರ ದಶಕದಲ್ಲಿ ಹೊಲಿಗೆ ಯಂತ್ರಗಳಂಥ ಕೆಲಸಕ್ಕೆಂದು ಅಮೆರಿಕದಲ್ಲಿ ರೂಪುಗೊಂಡದ್ದು. ಅದನ್ನು ಮಾರಾಟದ ಕಾರಿನ ಎಂಜಿನ್‌ಗೆ ಮೊದಲು ಹಾಕಿದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರ ಹೊತ್ತಿಗೆ ಬಂದ ಗ್ಲಾಸ್ 1004 ಎಂಬ ಪುಟ್ಟ ಕಾರಿನಲ್ಲಿ. ಹಗುರ, ಅಗ್ಗ, ಸದ್ದಿಲ್ಲ, ಎಣ್ಣೆ ಬೇಕಿಲ್ಲ. ಸಣ್ಣ ಕಾರಿಗೆ ಇನ್ನೇನು ಬೇಕು? 1983ರಲ್ಲಿ ಬಂದ ಮಾರುತಿ 800ರಲ್ಲಿ, 1998ರಲ್ಲಿ ಬಂದ ಸ್ಯಾಂಟ್ರೊ ಮತ್ತು ಡೀಸೆಲ್ ಇಂಡಿಕಾದಲ್ಲಿ ಇದ್ದದ್ದು ಬೆಲ್ಟೇ. ನಮ್ಮ ದೇಶದ ಮಧ್ಯಮ ವರ್ಗ ಕಾರು ಹತ್ತಿದ್ದೇ ಬೆಲ್ಟಿನ ಎಂಜಿನ್‌ಗಳ ಬೆನ್ನ ಮೇಲೆ.

ನಂತರ ಚೈನ್ ಹೊಸ ರೂಪದಲ್ಲಿ ಹಿಂತಿರುಗಿತು. 2008ರಿಂದ ಬಂದ ಮಾರುತಿಯ ಕೆ ಸರಣಿಯ ಎಂಜಿನ್, ಹುಂಡೈನ ಕಪ್ಪಾ ಎಂಜಿನ್, ಸ್ವಿಫ್ಟ್ ಡೀಸೆಲ್‌ನಲ್ಲಿದ್ದ 1.3 ಮಲ್ಟಿಜೆಟ್ ಎಲ್ಲವೂ ಚೈನಿನವು. ಆದರೆ ಕಾರಿನ ಹೆಸರು ನೋಡಿ ಬೆಲ್ಟೋ ಚೈನೋ ಎಂದು ಹೇಳಲಾಗದು. ಆಲ್ಟೊ 800ರಲ್ಲಿ ಬೆಲ್ಟ್, ಆಲ್ಟೊ ಕೆ10ರಲ್ಲಿ ಚೈನ್. ಐ10ರಲ್ಲೇ 1.1 ಲೀಟರ್ ಎಂಜಿನ್‌ಗೆ ಬೆಲ್ಟ್, 1.2 ಕಪ್ಪಾಗೆ ಚೈನ್. ಒಂದೇ ಬೀದಿಯಲ್ಲಿ ಒಂದೇ ಬಣ್ಣದ ಎರಡು ಐ10 ನಿಂತಿದ್ದರೂ ಅವುಗಳ ಆರೈಕೆ ಬೇರೆ ಬೇರೆ.

ಚೈನೇ ಹೊಸದು, ಬೆಲ್ಟ್ ಹಳೆಯದು ಎಂದೂ ತಿಳಿಯಬೇಡಿ. ನಮ್ಮ ಚಾಕಣ್‌ನಲ್ಲೇ ಕಾರ್ಖಾನೆ ಇರುವ ಫೋಕ್ಸ್‌ವ್ಯಾಗನ್ ತನ್ನ ಹಳೆಯ 1.2 ಟಿಎಸ್‌ಐ ಎಂಜಿನ್‌ನಲ್ಲಿ ಚೈನ್ ಇಟ್ಟಿತ್ತು. ಅದರ ನಂತರದ ಪೀಳಿಗೆಯ 1.0 ಟಿಎಸ್‌ಐನಲ್ಲಿ ಬೆಲ್ಟ್‌ಗೆ ಬಂತು. ಎರಡಕ್ಕೂ ಅದರದರ ಗುಣ, ಅದರದರ ದೋಷ.

ಇಂದಾಪುರದ ಆಚೆ ನಿಂತ ಗಾಡಿ

ಇದೆಲ್ಲ ಎಂಜಿನಿಯರನ ಹರಟೆ ಎನ್ನಿಸಬಹುದು. ಹಾಗಾಗಿ ಎರಡು ವರ್ಷದ ಹಿಂದಿನ ಒಂದು ಪ್ರಕರಣ ಹೇಳುತ್ತೇನೆ. ಸಿಂದಗಿ ತಾಲ್ಲೂಕಿನ ಒಬ್ಬರು ಇಲ್ಲಿ ಮೊದಲು ಕಟ್ಟಡ ಕೆಲಸಕ್ಕೆ ಬಂದವರು, ಆಮೇಲೆ ಬೇರೆಯವರ ಗಾಡಿ ಓಡಿಸಿ, ಕೊನೆಗೆ ಸಾಲ ಮಾಡಿ ಒಂಬತ್ತು ವರ್ಷದ ಒಂದು ಸಣ್ಣ ಡೀಸೆಲ್ ಕಾರು ಕೊಂಡು ಟ್ಯಾಕ್ಸಿ ಮಾಡಿಕೊಂಡಿದ್ದರು. ಮೀಟರ್ 92,000 ತೋರಿಸುತ್ತಿತ್ತು. ಕೊಳ್ಳುವಾಗ ಬೆಲ್ಟ್ ಬಗ್ಗೆ ಕೇಳಿಯೇ ಕೇಳಿದ್ದರು. ಮಾರಿದ ಏಜೆಂಟ್ ಬಿಲ್ಲನ್ನೂ ತೋರಿಸಿದ್ದ.

ನಾಗರ ಪಂಚಮಿಗೆ ಹೆಂಡತಿ, ಮಕ್ಕಳನ್ನು ತವರಿಗೆ ಬಿಡಲು ಸೊಲ್ಲಾಪುರದ ಹೆದ್ದಾರಿಯಲ್ಲಿ ಹೊರಟಿದ್ದರು. ಇಂದಾಪುರ ದಾಟಿದ ಮೇಲೆ ಎಂಜಿನ್ ಒಂದು ಸಲ 'ಟಕ್' ಎಂದು ನಿಂತಿತು. ಮೊದಲು ಯಾವ ಸದ್ದೂ ಇಲ್ಲ, ಯಾವ ದೀಪವೂ ಹತ್ತಿರಲಿಲ್ಲ. ಅಲ್ಲಿಂದಲೇ ನನಗೆ ಫೋನ್ ಬಂತು.

'ಸರ, ಸೆಲ್ಫ್ ಹೊಡದ್ರ ಎಂಜಿನ್ ಹಗುರ ತಿರಗಾಕತೈತ್ರಿ, ಆದ್ರ ಹಿಡಿವಲ್ದು.'

'ಅಣ್ಣಾ, ಇನ್ನ ಸೆಲ್ಫ್ ಹೊಡಿಬ್ಯಾಡ. ನೂಕಾಕೂ ಹೋಗಬ್ಯಾಡ. ಮಕ್ಕಳನ್ನ ಬಸ್ಸಿಗೆ ಹತ್ತಿಸು, ಗಾಡಿ ಎಳಸ್ಕೊಂಡು ಬಾ' ಎಂದೆ.

ಸೆಲ್ಫ್ ಹೊಡೆದಾಗ ಎಂಜಿನ್ ಎಂದಿನ ಬಿಗಿ ಇಲ್ಲದೆ ಸರ್ರನೆ ತಿರುಗಿದರೆ ವಾಲ್ವ್‌ಗಳು ಕೆಲಸ ಮಾಡುತ್ತಿಲ್ಲ ಎಂದರ್ಥ. ಮತ್ತೆ ಮತ್ತೆ ತಿರುಗಿಸಿದರೆ ಉಳಿದ ವಾಲ್ವ್‌ಗಳಿಗೂ ಏಟು ಬೀಳಬಹುದು. ಭೋಸರಿಯ ಗ್ಯಾರೇಜಿನಲ್ಲಿ ಹೆಡ್ ಇಳಿಸಿ ನೋಡಿದಾಗ ಎಂಟು ವಾಲ್ವ್‌ಗಳಲ್ಲಿ ಆರು ಬಾಗಿದ್ದವು. ಬೆಲ್ಟಿನ ಹಲ್ಲುಗಳು ಉದುರಿಹೋಗಿದ್ದವು.

ಆಗ ಆ ಬಿಲ್ಲನ್ನು ತರಿಸಿ ನೋಡಿದೆ. 'ಬೆಲ್ಟ್ ಚೇಂಜ್, 950 ರೂಪಾಯಿ' ಎಂದಷ್ಟೇ ಬರೆದಿತ್ತು. ಆ ದುಡ್ಡಿಗೆ ಬದಲಾಗುವುದು ಆಲ್ಟರ್ನೇಟರ್ ತಿರುಗಿಸುವ ಹೊರಗಿನ ಬೆಲ್ಟ್. ನಮ್ಮ ಕಡೆ ಹಳಬರು ಈಗಲೂ ಅದನ್ನು ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಬಾನೆಟ್ ಎತ್ತಿದರೆ ಕಾಣುವುದು ಅದೇ. ಅದು ಹರಿದರೆ ಬ್ಯಾಟರಿ ಚಾರ್ಜ್ ಆಗುವುದು ನಿಲ್ಲುತ್ತದೆ, ಕೆಲವು ಗಾಡಿಗಳಲ್ಲಿ ವಾಟರ್ ಪಂಪೂ ನಿಂತು ಎಂಜಿನ್ ಕಾಯುತ್ತದೆ. ಆದರೆ ವಾಲ್ವ್‌ಗೂ ಅದಕ್ಕೂ ಸಂಬಂಧವಿಲ್ಲ. ಒಳಗಿನ ಟೈಮಿಂಗ್ ಬೆಲ್ಟನ್ನು ಯಾರೂ ಮುಟ್ಟಿರಲೇ ಇಲ್ಲ. ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಜಗಳ ಕಾಯಲು ಕಾಗದದಲ್ಲಿ ಜಾಗವೇ ಇರಲಿಲ್ಲ.

ಒಟ್ಟು ಖರ್ಚು 41,000 ರೂಪಾಯಿ. ಅದೇ ಗ್ಯಾರೇಜಿನಲ್ಲಿ ಹೊತ್ತಿಗೆ ಸರಿಯಾಗಿ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಬದಲಿಸಿದ್ದರೆ ಕೂಲಿ ಸೇರಿ 8,000ದ ಒಳಗೆ ಮುಗಿಯುತ್ತಿತ್ತು. ಹದಿಮೂರು ದಿನ ಟ್ಯಾಕ್ಸಿ ಓಡಲಿಲ್ಲ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಮಗಳ ಶಾಲೆ ಫೀಗೆಂದು ಇಟ್ಟಿದ್ದ ಬಿಶಿ ಹಣವನ್ನು ಅವರು ಮುಂಚೆಯೇ ಎತ್ತಬೇಕಾಯಿತು. ಆ ವರ್ಷ ಪಂಚಮಿ ಉಂಡಿ ಅವರ ಮನೆಗೆ ಬಸ್ಸಿನಲ್ಲಿ ಬಂತು.

ಬೆಲ್ಟ್ ಗಾಡಿಯಾದರೆ

ಟೈಮಿಂಗ್ ಬೆಲ್ಟ್ ಎಂದರೆ ಗಾಜಿನ ನಾರಿನ ಎಳೆಗಳನ್ನು ಒಳಗಿಟ್ಟು ಎರಕ ಹೊಯ್ದ ಗಟ್ಟಿ ರಬ್ಬರ್. ಗಿರಣಿಯ ಪಟ್ಟಾದ ಹಾಗೆ ಅದು ಜಾರುವುದಿಲ್ಲ, ಹಲ್ಲು ಕಚ್ಚಿಕೊಂಡೇ ಓಡುತ್ತದೆ. ಅದರ ದೊಡ್ಡ ತೊಂದರೆ ಎಂದರೆ ಸಾಯುವ ಮುನ್ನ ಅದು ಸಾಮಾನ್ಯವಾಗಿ ಮುನ್ಸೂಚನೆ ಕೊಡುವುದಿಲ್ಲ. ಆದ್ದರಿಂದ 'ಕೆಟ್ಟ ಮೇಲೆ ನೋಡೋಣ' ಎಂಬ ಮಾತು ಇಲ್ಲಿ ನಡೆಯದು. ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಬದಲಿಸುವ ಕಿಲೋಮೀಟರ್ ಮತ್ತು ವರ್ಷ ಬರೆದಿರುತ್ತದೆ. ಕೆಲವು ಎಂಜಿನ್‌ಗೆ 60,000, ಕೆಲವಕ್ಕೆ 1 ಲಕ್ಷ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

ವರ್ಷದ ಲೆಕ್ಕವನ್ನು ನಮ್ಮವರು ಮರೆಯುತ್ತಾರೆ. 'ಬರೇ 35,000 ಓಡೇತಿ' ಎನ್ನುತ್ತಾರೆ. ರಬ್ಬರ್ ನಿಂತಲ್ಲೂ ಮುಪ್ಪಾಗುತ್ತದೆ, ಗಡುಸಾಗಿ ಬಿರುಕು ಬಿಡುತ್ತದೆ. ಜೊತೆಗೆ ಹಿಂಜೆವಾಡಿಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಆಮೆಯಂತೆ ತೆವಳಿದರೆ ಮೀಟರಿಗೆ ಸೇರುವುದು ಕೆಲವೇ ಕಿಲೋಮೀಟರ್. ಆದರೆ ಬೆಲ್ಟ್ ಆ ಇಡೀ ಗಂಟೆ ತಿರುಗಿರುತ್ತದೆ. ನಗರದಲ್ಲೇ ಓಡಿದ ಗಾಡಿಯ 60,000, ಹೆದ್ದಾರಿಯಲ್ಲಿ ಓಡಿದ ಗಾಡಿಯ 60,000 ಎರಡೂ ಒಂದೇ ಅಲ್ಲ.

ಬದಲಿಸುವಾಗ ಬೆಲ್ಟ್ ಒಂದನ್ನೇ ಬದಲಿಸಬೇಡಿ. ಅದನ್ನು ಬಿಗಿ ಹಿಡಿಯುವ ಟೆನ್ಷನರ್, ದಾರಿ ತೋರಿಸುವ ಐಡ್ಲರ್ ಬೇರಿಂಗ್‌ಗಳೂ ಅಷ್ಟೇ ಸುತ್ತು ತಿರುಗಿರುತ್ತವೆ. ಹೊಸ ಬೆಲ್ಟಿನ ಜೊತೆ ಹಳೆಯ ಬೇರಿಂಗ್ ಜಾಮ್ ಆದರೂ ಫಲ ಒಂದೇ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವ ಎಂಜಿನ್‌ಗಳಲ್ಲಿ ಅದನ್ನೂ ಸೇರಿಸಿ. ಬಿಚ್ಚುವ ಕೂಲಿ ಹೇಗೂ ಒಂದೇ. ಎಂಜಿನ್‌ನ ಆ ಬದಿಯಲ್ಲಿ ಎಣ್ಣೆ ಜಿನುಗುತ್ತಿದ್ದರೆ ಆಯಿಲ್ ಸೀಲನ್ನೂ ಹಾಕಿಸಿ, ಎಣ್ಣೆ ಕುಡಿದ ರಬ್ಬರ್ ಬಾಳುವುದಿಲ್ಲ.

ಮೇಸ್ತ್ರಿ ಕೆಲಸ ಮುಗಿಸಿದ ಮೇಲೆ ಒಂದು ಮಾತು ಕೇಳಿ: 'ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ನೋಡಿದಿರಾ?' ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ಮುಗಿಸಿ, ಎರಡೂ ಚಕ್ರಗಳ ಗುರುತುಗಳು ಮತ್ತೆ ತಮ್ಮ ಜಾಗಕ್ಕೆ ಬಂದು ನಿಲ್ಲಬೇಕು. ಒಂದು ಹಲ್ಲು ಹೆಚ್ಚುಕಡಿಮೆ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ, ಕೇಳಿದವರ ಮೇಲೆ ಗೌರವ ಬರುತ್ತದೆ.

ಚೈನ್ ಗಾಡಿಯಾದರೆ

'ಚೈನ್ ಎಂದರೆ ಲೈಫ್‌ಟೈಮ್, ನೋಡುವುದೇ ಬೇಡ' ಎಂಬ ಮಾತನ್ನು ಮಾರುವವರು ಧಾರಾಳವಾಗಿ ಹೇಳುತ್ತಾರೆ. ಅರ್ಧ ನಿಜ. ಚೈನಿಗೆ ಬೆಲ್ಟಿನಂತೆ ಸಾಮಾನ್ಯವಾಗಿ ನಿಗದಿತ ಅವಧಿ ಇರುವುದಿಲ್ಲ. ಆದರೆ ಅದು ಬದುಕುವುದು ಎಂಜಿನ್ ಆಯಿಲ್ ಮೇಲೆ. ಕೊಂಡಿಗಳ ನಡುವಿನ ಪಿನ್ನುಗಳಿಗೆ ಎಣ್ಣೆಯೇ ಆಧಾರ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಕೂಡ ಹೆಚ್ಚಿನ ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಹೋದರೆ, ಅಥವಾ ಆಯಿಲ್ ಮಟ್ಟ ಇಳಿದದ್ದನ್ನು ನೋಡದೆ ಓಡಿಸಿದರೆ, ಪಿನ್ನುಗಳು ಸವೆದು ಚೈನ್ ಉದ್ದವಾಗುತ್ತದೆ. ಸೈಕಲ್ ಚೈನ್ ಜೋಲು ಬಿದ್ದು ಹಲ್ಲು ಹಾರುವುದನ್ನು ನಾವೆಲ್ಲ ಕಂಡಿದ್ದೇವಲ್ಲ, ಇದೂ ಹಾಗೆಯೇ.

ಚೈನಿನ ಒಳ್ಳೆಯ ಗುಣವೆಂದರೆ ಅದು ಬಹುಮಟ್ಟಿಗೆ ಹೇಳಿ ಹೋಗುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೊದಲ ಕೆಲವು ಸೆಕೆಂಡ್ ಡಬ್ಬಿಯಲ್ಲಿ ಮೊಳೆ ಕುಲುಕಿದಂಥ ಸದ್ದು ಬಂದು ಆಮೇಲೆ ನಿಂತರೆ ಅದು ಮೊದಲ ಎಚ್ಚರಿಕೆ. ಎಂಜಿನ್ ದೀಪ ಹತ್ತಿ, ಸ್ಕ್ಯಾನರ್ ಹಾಕಿದಾಗ ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದುತ್ತಿಲ್ಲ ಎಂಬ ಪಿ0016 ಸಂಕೇತ ಕಂಡರೆ ಅದು ಮತ್ತೊಂದು. ಕಡೆಗಣಿಸಿದರೆ ಚೈನ್ ಹಲ್ಲು ಹಾರುತ್ತದೆ, ಅಲ್ಲಿಂದ ಮುಂದೆ ಬೆಲ್ಟಿನ ಕಥೆಯೇ. ಚೈನ್ ಕೆಲಸದ ಖರ್ಚು ಹೆಚ್ಚು, ಏಕೆಂದರೆ ಅದು ಎಂಜಿನ್ ಒಳಗೇ ಇದೆ. ಮುಂದಿನ ಕವರ್, ಹಲವು ಎಂಜಿನ್‌ಗಳಲ್ಲಿ ಕೆಳಗಿನ ಆಯಿಲ್ ಸಂಪ್ ಕೂಡ ಬಿಚ್ಚಬೇಕು. ಅದಕ್ಕೆ ಹೋಲಿಸಿದರೆ ಹೊತ್ತುಹೊತ್ತಿಗೆ ಆಯಿಲ್ ಬದಲಿಸುವುದು ಅತಿ ಅಗ್ಗದ ವಿಮೆ.

ಇವೆರಡರ ನಡುವೆ ಮೂರನೆಯದೊಂದಿದೆ: ಎಣ್ಣೆಯೊಳಗೇ ಓಡುವ ಬೆಲ್ಟ್. ಇಕೋಸ್ಪೋರ್ಟ್‌ನಲ್ಲಿ ಬಂದ ಫೋರ್ಡ್‌ನ 1.0 ಇಕೋಬೂಸ್ಟ್ ಇದಕ್ಕೆ ಉದಾಹರಣೆ. ಇಂಥ ಎಂಜಿನ್‌ಗೆ ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು. ತಪ್ಪು ಆಯಿಲ್ ರಬ್ಬರನ್ನು ಕೆಡಿಸಿದರೆ ಅದರ ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿ ಇಡೀ ಎಂಜಿನ್‌ಗೆ ಎಣ್ಣೆ ತಪ್ಪುತ್ತದೆ.

ಕೊಳ್ಳುವ ಮುನ್ನ

ಹಾಗಾದರೆ ಯಾವುದು ಮೇಲು? ಇದಕ್ಕೆ ನಾನು ಕೊಡುವ ಉತ್ತರ: ದಾಖಲೆ ಇರುವುದು ಮೇಲು. ಬಿಲ್ಲಿನ ಮೇಲೆ 'ಟೈಮಿಂಗ್ ಬೆಲ್ಟ್' ಎಂದೇ ಬರೆದಿರಬೇಕು, ಜೊತೆಗೆ ಟೆನ್ಷನರ್ ಹೆಸರು, ದಿನಾಂಕ, ಆ ದಿನದ ಕಿಲೋಮೀಟರ್. ಇವು ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿದು ಆ ಖರ್ಚನ್ನು ಗಾಡಿಯ ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ. ಕೊಂಡ ವಾರವೇ ಹೊಸದು ಹಾಕಿಸಿ, ಊರ ದಾರಿ ಆಮೇಲೆ. ಚೈನ್ ಗಾಡಿಯಾದರೆ ಆಯಿಲ್ ಬದಲಿಸಿದ ಬಿಲ್ಲುಗಳನ್ನು ಕೇಳಿ, ಮತ್ತು ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ.

ಸಿಂದಗಿಯವರ ಗಾಡಿ ಈಗಲೂ ಓಡುತ್ತಿದೆ. ಹೊಸ ಬೆಲ್ಟ್ ಹಾಕಿದ ದಿನ ಭೋಸರಿಯ ಮೇಸ್ತ್ರಿಯಿಂದ ಒಂದು ಚೀಟಿಯ ಮೇಲೆ ತಾರೀಖು, ಕಿಲೋಮೀಟರ್ ಬರೆಸಿ ಬಾನೆಟ್ ಒಳಗೆ ಅಂಟಿಸಿದೆವು. ಮೇಸ್ತ್ರಿ ಮರಾಠಿಯಲ್ಲಿ ಬರೆದರು, ಅದರ ಕೆಳಗೆ ಗಾಡಿಯವರು ಕನ್ನಡದಲ್ಲಿ ಬರೆದರು. ಪುಣೆ, ಮುಂಬೈಗಳಲ್ಲಿ ಹಳತಾದ ಗಾಡಿಗಳು ಎಷ್ಟೋ ಸಲ ನಮ್ಮ ಊರುಗಳಿಗೇ ಬಂದು ಸೇರುತ್ತವೆ. ಅಲ್ಲಿ ಅದನ್ನು ಕೊಳ್ಳುವವರು ಮತ್ತೊಬ್ಬ ಸಾಲಗಾರ, ಮತ್ತೊಂದು ಕುಟುಂಬ. ನಿಮ್ಮ ಗಾಡಿಯ ಬಾನೆಟ್ ಒಳಗೂ ಅಂಥದ್ದೊಂದು ಚೀಟಿ ಇರಲಿ. 'ಬೆಲ್ಟ್' ಎಂದು ಬರೆದು ಬಿಡಬೇಡಿ, ಯಾವ ಬೆಲ್ಟ್ ಎಂದು ಬರೆಯಿರಿ.